ಕೆಂಚನ ಹಗ್ಗ

ನಾಯಿಮರಿ ಕೆಂಚ ಹಗ್ಗ ಕಿತ್ತುಕೊಂಡು ಓಡಲಿಲ್ಲ, ನಾನೇ ಕೈಬಿಟ್ಟೆ.

ಮೊನ್ನೆ ಅಮೆರಿಕದ ಹರ್ನ್‌ಡನ್‌ನಲ್ಲಿ ಮೊಮ್ಮಗಳು, “ಅಜ್ಜಿ, ಹೋಲ್ಡ್ ಮಾಡು, ಬೈಟ್ ಮಾಡಲ್ಲ” ಎಂದು ತನ್ನ ಗೆಳತಿ ಸಾಕಿದ ಫೆರೆಟ್ ಎಂಬ ಉದ್ದ ಮೈಯ ಪುಟ್ಟ ಪ್ರಾಣಿಯನ್ನು ಮಡಿಲಿಗೆ ಹಾಕಿದಾಗ, ಆ ಕಮಟು ವಾಸನೆಗೆ ಅಪ್ಪನ ಮುಂಗುಸಿ ನೆನಪಾಯಿತು.

ಪಳಗಿಸಿದ ಆ ಮುಂಗುಸಿಯನ್ನು ಪೊದೆಯೊಳಗೆ ಬಿಟ್ಟರೆ ಮೊಲ ಹೆದರಿ ಬಲೆಗೆ ಬೀಳುತ್ತಿತ್ತು. ಅಂದು ಕೆಂಚನಿಗೆ ಮೊದಲ ಬೇಟೆ. ಅದರ ಕತ್ತಾಳೆ ಹಗ್ಗ ಹಿಡಿದಿದ್ದ ನನಗೆ ಎಂಟು ವರ್ಷ.

“ಮೊಲ ಬಲೆಗೆ ಬಿದ್ಮೇಲೆ ಬಿಡು. ಮುಂಗುಸಿಗೆ ಬಾಯಿ ಹಾಕಿದ ನಾಯಿನ ನಾನು ಉಳಿಸಲ್ಲ,” ಎಂದಿದ್ದ ಅಪ್ಪ.

ಪೊದೆ ಅಲುಗಿತು. ಹಾವೆಂದು ಹೆದರಿ ಹಗ್ಗ ಬಿಟ್ಟುಬಿಟ್ಟೆ. ಹೊರಬಂದದ್ದು ಮುಂಗುಸಿ. ಕೆಂಚ ಅದರ ಕತ್ತು ಹಿಡಿದು ಒಂದೇ ಸಲ ಕೊಡವಿತು.

“ಯಾರೇ ಬಿಟ್ಟಿದ್ದು?”

“ಅದೇ ಕಿತ್ಕೊಂಡು ಹೋಯ್ತು, ಅಪ್ಪಾ.”

ಅಪ್ಪ ನನ್ನ ಅಂಗೈ ತಿರುಗಿಸಿ ನೋಡಿದ. ಹಗ್ಗ ಉಜ್ಜಿದ ಗೆರೆ ಇರಲಿಲ್ಲ. ಆದರೂ, “ಬೆಳಗಾಗ್ಲಿ, ಕೊಡಲಿ ತಗೋತೀನಿ,” ಎಂದ.

ಮರುದಿನ ಅಪ್ಪ ಏಳುವ ಮೊದಲೇ ಕೆಂಚನನ್ನು ಕೆರೆಯಾಚೆ ಕರೆದೊಯ್ದು ಬಿಟ್ಟೆ. ಬಾಲ ಅಲ್ಲಾಡಿಸುತ್ತ ನನ್ನ ಹಿಂದೆಯೇ ಬಂತು. ಕಲ್ಲು ಹೊಡೆದೆ. ನಿಂತು ನೋಡಿತು. ಇನ್ನೂ ದೊಡ್ಡ ಕಲ್ಲು ಹುಡುಕಿ ಹೊಡೆದೆ.