ಮಂದೆ ನಿಂತ ಹೊಲ

“ಒಂದೇ ಒಂದ್ ಎಪಿಸೋಡು ಕೇಳ್ರೀ. ಆಮೇಲೆ ನೀವೇ ಬುಡಕ್ಕಿಲ್ಲ,” ಎನ್ನುತ್ತಾ ರಮ್ಯ ಇಯರ್‌ಫೋನಿನ ಒಂದು ತುದಿಯನ್ನು ತಾನೇ ನಟರಾಜುವಿನ ಕಿವಿಗೆ ಸಿಕ್ಕಿಸಿದಳು.

ಚನ್ನಪಟ್ಟಣದ ಹೋಟೆಲಿನಲ್ಲಿ ಇಬ್ಬರ ಮುಂದೆಯೂ ದೋಸೆ ಆರುತ್ತಿತ್ತು. ನಿಶ್ಚಿತಾರ್ಥವಾದ ಮೇಲೆ ಹುಡುಗಿ ಇಷ್ಟು ಹತ್ತಿರ ಕೂತದ್ದು ಇದೇ ಮೊದಲು. ಅವಳು ಪಂಚಾಂಗ ಓದಿದ್ದರೂ ಅವನು ಕೇಳುತ್ತಿದ್ದ.

“ದೆವ್ವದ ಕಥೆಯಾ?”

“ದೆವ್ವ ಇನ್ನೂ ಬಂದಿಲ್ಲ, ಬತ್ತದಂತೆ. ಬಿಡದಿಗೆ ಹೋಗೋ ಕಂಪನಿ ಬಸ್ಸಲ್ಲಿ ನಮ್ ತಸ್ಲೀಮಾ ನಂಗೆ ಹೇಳಿದ್ಲು. ನಾನು ನಿಮಗೆ ಹೇಳ್ತಾ ಇವ್ನಿ.”

ಪಾಡ್‌ಕಾಸ್ಟಿನ ಹೆಸರು ‘ಮಂದೆ ನಿಂತ ಹೊಲ’. ವಾರಕ್ಕೊಂದು ಕಂತು. ಹೇಳುವವಳು ಯಾರೋ ಮುದುಕಿ ಇರಬೇಕು. ದನಿ ಒಡಕು, ಎರಡು ಮಾತಿಗೊಮ್ಮೆ ಉಸಿರೆಳೆದುಕೊಳ್ಳುತ್ತಾಳೆ. ಮೊದಲ ಕಂತಿನಲ್ಲಿ ಜಮೀನಿದ್ದವನೊಬ್ಬನ ಹೆಂಡತಿ ಕಾಣೆಯಾದಳು. ಲಾರಿ ಡ್ರೈವರನ ಜೊತೆ ಓಡಿಹೋದಳೆಂದು ಗಂಡ ಊರಿಗೆಲ್ಲ ಸಾರಿದ.

ನಟರಾಜು ದೋಸೆ ಮುರಿಯುವುದನ್ನು ನಿಲ್ಲಿಸಿದ.

ಅವನ ಹೆಂಡತಿ ಪುಟ್ಟಿ ಕಾಣೆಯಾಗಿ ಮೂರು ವರ್ಷ. ಅವನು ಸಾರಿದ್ದೂ ಇದನ್ನೇ. ಅವನೂರು ವಿರೂಪಾಕ್ಷಿಪುರದ ಸುತ್ತಮುತ್ತ ಒಬ್ಬರೂ ಮರುಮಾತಾಡಲಿಲ್ಲ. ಪುಟ್ಟಿಯ ಅಪ್ಪ ಬೀದಿಯಲ್ಲಿ ತಲೆಯೆತ್ತಲಾರದೆ ಆ ವರ್ಷವೇ ತೀರಿಕೊಂಡ. ಹೆಣ್ಣಿನ ಮೇಲೆ ಇಂಥ ಮಾತು ಬಂದರೆ ಊರಿಗೆ ಸಾಕ್ಷಿ ಬೇಕಿಲ್ಲ, ಹೇಳುವ ಬಾಯೊಂದಿದ್ದರೆ ಸಾಕು.

“ನಿಮ್ದೇ ಕಥೆ ಥರ ಐತಲ್ವಾ? ಪಾಪ,” ಎಂದಳು ರಮ್ಯ, ಅವನ ಮುಖವನ್ನೇ ನೋಡುತ್ತಾ.

ಎರಡನೇ ಕಂತನ್ನು ಅವನು ಡೇರಿಗೆ ಹಾಲು ಹಾಕಿ ಬರುವಾಗ ಬೈಕಿನ ಮೇಲೆ ಕೇಳಿದ. ಗಂಡ ಮಾವಿನ ತೋಪಿನಲ್ಲಿ ಹೆಂಡತಿಯ ಕುತ್ತಿಗೆ ಹಿಸುಕಿದ. ಹಿಸುಕುವಾಗ ಆಡಿದ ಮಾತನ್ನೂ ಮುದುಕಿ ಇದ್ದಂತೆಯೇ ಆಡಿದಳು: “ಈಗ ಕೂಗೇ ನಿಮ್ಮಪ್ಪನ್ನ, ನೋಡಾನ.”

ಬೈಕು ಚರಂಡಿಗಿಳಿಯಿತು.

ಮೂರನೆಯದನ್ನು ಅವನು ಕೊಟ್ಟಿಗೆಯಲ್ಲಿ ಬಾಗಿಲು ಹಾಕಿಕೊಂಡು ಕೇಳಿದ. ತೋಪಿನ ಮೂಲೆಯಲ್ಲಿ ನೆಲ ಕಲ್ಲು, ಹೂಳಲು ತೋಡಿದ ಗುಂಡಿ ಆಳಕ್ಕಿಳಿಯಲಿಲ್ಲ. ಮೇಲೆ ತರಗೆಲೆ, ಒಂದಿಷ್ಟು ಮಣ್ಣು. ಅದೇ ಸಂಜೆ ಪಕ್ಕದ ಹೊಲದಲ್ಲಿದ್ದ ಕುರಿ ಮಂದೆಯನ್ನು ಗಂಡ ಆ ಮೂಲೆಗೆ ಹೊಡೆಸಿದ. ಗೊಬ್ಬರಕ್ಕೆಂದು ಹೊಲದಲ್ಲಿ ಮಂದೆ ನಿಲ್ಲಿಸುವುದು ಈ ಕಡೆ ಎಲ್ಲರೂ ಮಾಡುವ ಕೆಲಸ. ಬೆಳಗಾಗುವಷ್ಟರಲ್ಲಿ ಅಗೆದ ಗುರುತೆಲ್ಲ ಗೊರಸಿನಡಿ ಅಳಿಸಿಹೋಗುತ್ತದೆಂದು ಹೊಳೆದದ್ದು ಮಾತ್ರ ನಟರಾಜುವಿಗೆ. ಆ ಬುದ್ಧಿವಂತಿಕೆಗೆ ಅವನು ಒಳಗೊಳಗೇ ಬೀಗಿದ್ದೂ ಉಂಟು.

ಆ ಸಂಜೆಯ ಮಂದೆ ನರಸಯ್ಯನದು. ಜೊತೆಯಲ್ಲಿ ಅವನ ತಾಯಿ ದಾಸಮ್ಮನೂ ಇದ್ದಳು. ಮುದುಕಿ ಯಾರೆಂದು ನಟರಾಜುವಿಗೆ ಇನ್ನು ಯಾರೂ ಹೇಳಬೇಕಿರಲಿಲ್ಲ. ಅವನು ನೆಟ್ಟಗೆ ಹಟ್ಟಿಗೇ ಹೋದ.

“ಏನ್ ನರಸಯ್ಯ, ನಿಮ್ಮವ್ವ ಮೊಬೈಲಲ್ಲಿ ಕಥೆ ಗಿಥೆ ಹೇಳ್ತಾಳಂತೆ?”

“ನಮ್ಮವ್ವಂಗೆ ಅದೆಲ್ಲ ಎಲ್ಲಿ ಬತ್ತದೆ ಗೌಡ್ರೆ? ಸಾಯೋ ಮರೀನ ಎದೆಗವಚ್ಕೊಂಡು ಉಳಿಸ್ಕೊಳದು ಒಂದು ಗೊತ್ತು ಅವ್ಳಿಗೆ.”

“ಈ ಸಲ ಮಂದೆ ಹಾಕ್ತೀಯಾ?”

“ಹಾಕ್ತೀನಿ. ಆ ಮಾವಿನ ಮೂಲೆ ಒಂದ್ ಬುಟ್ಟು. ಅವತ್ತೂ ಕುರಿ ಅಲ್ಲಿ ನಿಂತ್ಕೊಳ್ನಿಲ್ಲ,” ಎಂದ ನರಸಯ್ಯ ಮೆತ್ತಗೆ.

ಅಲ್ಲೇ ಅವನ ಕತ್ತು ಹಿಡಿಯಬೇಕೆನಿಸಿತು. ನಾಯಿಗಳಿದ್ದವು. ನಟರಾಜು ಹಲ್ಲು ಕಚ್ಚಿಕೊಂಡು ಹಿಂದಿರುಗಿದ.

ನಾಲ್ಕನೇ ಕಂತಿನ ಕೊನೆಗೆ ಒಡಕು ದನಿ ಹೇಳಿತು: “ಬರೋ ವಾರ ಊರ ಹೆಸ್ರು ಹೇಳ್ತೀನಿ. ಹೊಲದ ಮೂಲೇನೂ ತೋರಿಸ್ತೀನಿ.”

ತೋರಿಸಲಿ, ಎಂದುಕೊಂಡ ನಟರಾಜು. ತೋರಿಸಿದ ಕಡೆ ಏನೂ ಸಿಗದಿದ್ದರೆ ಕುರಿ ಕಾಯುವವರ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಮೂಳೆಗಳನ್ನು ಚೀಲಕ್ಕೆ ತುಂಬಿ ಹೊಳೆಗೆ ಹಾಕಬೇಕು. ಮದುವೆ ಮುಗಿಯಲಿ, ಆಮೇಲೆ ಮುದುಕಿಯ ಪಾಳಿ.

ಶುಕ್ರವಾರ ಲಗ್ನಪತ್ರಿಕೆಯ ಪೂಜೆಗೆ ಮನೆಯವರೆಲ್ಲ ಕಬ್ಬಾಳಿನ ಗುಡಿಗೆ ಹೊರಟರು. ತಲೆನೋವೆಂದು ಅವನು ಉಳಿದುಕೊಂಡ. ರಮ್ಯ ಫೋನ್ ಮಾಡಿದಳು.

“ನೀವು ಬರಕ್ಕಿಲ್ವಾ? ಒಬ್ರೇ ಇದ್ದೀರಾ? ಸರಿ ಬುಡಿ, ಒಸಿ ಆರಾಮ ಮಾಡ್ಕಳಿ.”

ಉರಿಬಿಸಿಲು. ತೋಪಿನಲ್ಲಿ ನರಪಿಳ್ಳೆಯೂ ಇರಲಿಲ್ಲ. ಅವನು ಗುದ್ದಲಿ ಹಾಕಿದ. ಅಂದು ಎಷ್ಟು ಆಳಕ್ಕೆ ಅಗೆದಿದ್ದನೋ ಅಷ್ಟಕ್ಕೆ ಬೇಗನೆ ಬಂದ. ಮಣ್ಣು. ಇನ್ನೂ ಕೆಳಗಿಳಿದ, ಅಲ್ಲಿ ಕಲ್ಲು. ಅತ್ತ ಅಗೆದ, ಇತ್ತ ಅಗೆದ. ಮೂಳೆಯಿಲ್ಲ, ಬಟ್ಟೆಯ ಚೂರಿಲ್ಲ, ಬಳೆಯ ಒಡಕಿಲ್ಲ. ಮೊಣಕಾಲೂರಿ ಕೈಯಿಂದಲೇ ಕೆರೆಯತೊಡಗಿದ. ಉಗುರು ಕಿತ್ತು ರಕ್ತ ಬಂತು.

“ಇಲ್ಲೇ ಕಣೋ ಹೂತಿದ್ದು!” ಎಂದು ತನ್ನನ್ನೇ ಬೈದುಕೊಂಡ. “ಅವ್ಳನ್ನ ಇಲ್ಲೇ ಹೂತಿದ್ದೆ!”

“ಇನ್ನೊಂದ್ಸಲ ಜೋರಾಗಿ ಹೇಳ್ರೀ,” ಎಂದಳು ರಮ್ಯ.

ಅವಳು ಬದುವಿನ ಮೇಲೆ ಮೊಬೈಲನ್ನು ಅವನತ್ತ ಹಿಡಿದು ನಿಂತಿದ್ದಳು. ಒಂದು ಪಕ್ಕ ಇಬ್ಬರು ಪೊಲೀಸರು, ಇನ್ನೊಂದು ಪಕ್ಕ ನರಸಯ್ಯ ಮತ್ತು ದಾಸಮ್ಮ. ನಟರಾಜುವಿನ ಕಣ್ಣು ಕೆಂಪೇರಿತು.

“ಮುದುಕಿ! ಎಲ್ಲಾ ನಿನ್ ಕಿತಾಪತಿ!” ಎಂದು ಗುದ್ದಲಿ ಎತ್ತಿದ. ಪೊಲೀಸರು ಕೈ ಹಿಡಿದರು.

“ನಾನ್ ಹೇಳಿದ್ರೆ ಯಾರು ನಂಬೋರು? ನೀನು ಓಡೋದೋಳು ಅಂತ ಸಾರ್ಬುಟ್ಟಿದ್ದೆ, ನಂಬಿದ್ದು ರಮ್ಯ ಒಬ್ಳೇ. ಅದಕ್ಕೇ ನಿನ್ ಕೈಲೇ ಅಗೆಸ್ದೆ,” ಎಂದಿತು ಅದೇ ಒಡಕು ದನಿ.

ದಾಸಮ್ಮ ತುಟಿ ಅಲ್ಲಾಡಿಸಿರಲಿಲ್ಲ.

ಅವಳ ಬೆನ್ನ ಹಿಂದಿನಿಂದ, ಅಂದು ರಾತ್ರಿ ಅವಳೇ ಮಣ್ಣು ಸರಿಸಿ ಹೊರಗೆಳೆದು ಉಳಿಸಿಕೊಂಡಿದ್ದ ಪುಟ್ಟಿ ಮುಂದೆ ಬಂದು ಕೊರಳಿನ ಸೆರಗು ಸರಿಸಿದಳು. ಅವನು ಹಿಸುಕಿದ ಗಂಟಲಿನಲ್ಲಿ ಉಳಿದಿದ್ದ ದನಿ ಅಷ್ಟೇ.