ಅಂಗಳದಲ್ಲಿ ಕುಣಿದವನು

"ಉಸಿರು ಬಿಗಿ ಹಿಡೀಬೇಡ ಲೈಲ್. ಇದ್ದ ಹಾಗೆ ನಿಲ್ಲು," ಎಂದಳು ಆರ್ಲಿಸ್, ಗಂಡನ ಮೈಗೆ ಪ್ಯಾಕಿಂಗ್ ಟೇಪ್ ಸುತ್ತುತ್ತಾ.

"ಇದ್ದ ಹಾಗೇ ನಿಂತಿದ್ದೀನಲ್ಲ."

"ಮತ್ತೆ ಮುಖ ಯಾಕೆ ಬೀಟ್‌ರೂಟ್ ಆಗ್ತಿದೆ?"

ಲೈಲ್ ಉಸಿರು ಬಿಟ್ಟ. ಹೊಟ್ಟೆ ತನ್ನ ಜಾಗಕ್ಕೆ ಮರಳಿತು. ಮೊದಲು ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟೇಪು, ಹೀಗೆ ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಸುತ್ತಿಸಿಕೊಂಡು, ತೋಳು ಮುಂದೆ ಚಾಚಿ ಅವನು ಗ್ಯಾರೇಜಿನ ನಡುವೆ ನಿಂತಿದ್ದ. ಬೆನ್ನಿನುದ್ದಕ್ಕೂ ಕತ್ತರಿಸಿ ಚಿಪ್ಪಿನ ಹಾಗೆ ಬಿಚ್ಚಿ, ಕತ್ತರಿಸಿದಲ್ಲಿ ಮತ್ತೆ ಅಂಟಿಸಿ, ಒಳಗೆ ಬಲ್ಬಿನ ಸರ ಇಟ್ಟರೆ ಹ್ಯಾಲೋವೀನ್ ಹಬ್ಬಕ್ಕೆ ಗಾಜಿನಂಥ ದೆವ್ವ ಸಿದ್ಧ. ತಲೆಗೆ ಬಾಸ್ಕೆಟ್‌ಬಾಲಿನ ಮೇಲೆ ಸುತ್ತಿ ತೆಗೆದ ಅಚ್ಚು. ಆರ್ಲಿಸ್‌ಳ ದೆವ್ವ ಆಗಲೇ ತಯಾರಾಗಿ ಗೋಡೆಗೆ ಒರಗಿತ್ತು. ಈ ಸಲ ಮನೆ ಮುಂದಿನ ಅಂಗಳದಲ್ಲಿ ದೆವ್ವದ ಜೋಡಿಯೇ ಕುಣಿಯಬೇಕೆಂದು ಅವಳ ಹಟ.

ಹಟಕ್ಕೆ ಕಾರಣವಿತ್ತು. ಜೂನ್‌ನಲ್ಲಿ ಮಗಳ ಮದುವೆಯಲ್ಲಿ ಆರ್ಲಿಸ್ ಕುಣಿಯಲು ಕರೆದಾಗ ಲೈಲ್, "ನನಗಿಂತ ಮುಂಚೆ ನನ್ನ ಹೊಟ್ಟೆ ಬಂದು ತಲುಪುತ್ತೆ, ಅದರ ಜೊತೇನೇ ಕುಣಿ," ಎಂದು ಎಲ್ಲರನ್ನೂ ನಗಿಸಿ ಕುರ್ಚಿಯಲ್ಲೇ ಕೂತಿದ್ದ. ಶಾಲಾ ಬಸ್ಸು ಓಡಿಸುತ್ತಾ ಸೀಟಿನಲ್ಲಿ ಕೂತು ಕೂತು ಸಾಕಿದ ಹೊಟ್ಟೆ ಅದು. ಬೇರೆಯವರು ಆಡಿಕೊಳ್ಳುವ ಮೊದಲು ತಾನೇ ಆಡಿಕೊಂಡರೆ ನೋವು ಕಡಿಮೆ ಎಂದು ಅವನು ಕಂಡುಕೊಂಡಿದ್ದ. ಆದರೆ ಅಂದು ಆರ್ಲಿಸ್ ನಕ್ಕಿರಲಿಲ್ಲ. ಆ ಸಂಕಟ ಅವನಿಗೆ ಇನ್ನೂ ಇತ್ತು. ಹಾಗಾಗಿಯೇ ಅವಳು ಟೇಪಿನ ಸುರುಳಿ ಹಿಡಿದು ಬಂದು, "ನೀನಂತೂ ಬರಲ್ಲ, ನಿನ್ನ ದೆವ್ವನಾದ್ರೂ ನನ್ನ ಜೊತೆ ಕುಣೀಲಿ," ಎಂದಾಗ ಎದುರು ಮಾತಾಡದೆ ನಿಂತಿದ್ದ.

ಚಿಪ್ಪು ಬಿಚ್ಚಿ ಅಂಟಿಸಿ ನಿಲ್ಲಿಸಿದ ಮೇಲೆ ಲೈಲ್ ಅದನ್ನು ಪಕ್ಕದಿಂದ ನೋಡಿದ. ತನ್ನ ಹೊಟ್ಟೆಯನ್ನು ಅವನು ಈವರೆಗೆ ಮೇಲಿನಿಂದ ಮಾತ್ರ ನೋಡಿದ್ದ.

"ನೀನು ಸಡಿಲ ಸುತ್ತಿದ್ದೀಯ."

"ಟೇಪು ನಂದು, ಹೊಟ್ಟೆ ಪೂರ್ತಿ ನಿಂದೇ," ಎಂದಳು ಆರ್ಲಿಸ್. ಎರಡನ್ನೂ ಎದುರುಬದುರು ಹಿಡಿದರೆ ನಡುವೆ ಹೊಟ್ಟೆ ಅಡ್ಡ ಬಂದು, ಅವನ ದೆವ್ವದ ಕೈ ಅವಳ ದೆವ್ವದ ಸೊಂಟಕ್ಕೆ ಎಟುಕಲೇ ಇಲ್ಲ. "ದೂರ ನಿಂತೇ ಕುಣೀಲಿ ಬಿಡು, ಏನೀಗ?" ಎಂದು ಅವಳು ಮಕ್ಕಳಿಗೆ ಚಾಕೊಲೇಟ್ ತರಲು ಹೊರಟಳು.

ಲೈಲ್‌ಗೆ ತಡೆಯಲಾಗಲಿಲ್ಲ. ಹಬ್ಬದ ಸಂಜೆ ವೇಷ ಹಾಕಿ ಚಾಕೊಲೇಟ್ ಕೇಳಲು ಅವನ ಬಸ್ಸಿನ ಮಕ್ಕಳೆಲ್ಲ ಈ ಬೀದಿಗೇ ಬರುವವರು. ದೆವ್ವದ ಪಕ್ಕ ನಿಂತು ಒಬ್ಬೊಬ್ಬರಿಗೂ ಹೊಟ್ಟೆಯ ಜೋಕು ಹೇಳುತ್ತಾ ಇರಲಾದೀತೇ? ಕತ್ತರಿ ಎತ್ತಿಕೊಂಡ. ಹೊಟ್ಟೆಯನ್ನು ಬೇರೆ ಮಾಡಿ, ಆ ಜಾಗವನ್ನು ಚಪ್ಪಟೆಯಾಗಿ ಟೇಪಿನಿಂದ ಮುಚ್ಚಿದ. ಹೇಗೂ ಕತ್ತರಿ ಕೈಯಲ್ಲಿತ್ತು, ಎದೆಯನ್ನು ಒಂಚೂರು ಉಬ್ಬಿಸಿದ, ಭುಜವನ್ನು ನೆಟ್ಟಗೆ ಮಾಡಿದ. ಕೆಲಸವಾಗಲಿ ಊಟವಾಗಲಿ ಅರ್ಧಕ್ಕೆ ಬಿಡುವ ಆಸಾಮಿ ಅವನಲ್ಲ. ಇಷ್ಟು ಬೇಗ ಇಷ್ಟು ತೂಕ ಇಳಿಸಿದವನು ಡುಲೂತ್ ಊರಲ್ಲೇ ತಾನೊಬ್ಬನೇ ಇರಬೇಕು ಎಂದು ತನ್ನಷ್ಟಕ್ಕೆ ನಕ್ಕು, ಕತ್ತರಿಸಿದ ಹೊಟ್ಟೆಯನ್ನು ಕಸದ ಡಬ್ಬಿಗೆ ತುರುಕಿದ. ಈಗ ಜೋಡಿ ಸಲೀಸಾಗಿ ತಬ್ಬಿಕೊಂಡಿತು. ವಾಪಸು ಬಂದ ಆರ್ಲಿಸ್ ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಕೆಂಪು ಟೋಪಿ ತಂದು ತನ್ನ ದೆವ್ವದ ತಲೆಗೆ ಇಟ್ಟಳು.

ಹ್ಯಾಲೋವೀನ್ ಸಂಜೆ ಹಿಮ ಉದುರತೊಡಗಿತ್ತು. ದಪ್ಪ ಜಾಕೆಟ್ಟಿನ ಮೇಲೆಯೇ ರಾಕ್ಷಸರ, ರಾಣಿಯರ ವೇಷ ಏರಿಸಿಕೊಂಡ ಮಕ್ಕಳು ಮನೆ ಮನೆಗೆ ಬರುತ್ತಿದ್ದರು. ಮೇಪಲ್ ಮರದ ಕೆಳಗೆ ತೂಗುಬಿಟ್ಟ ಜೋಡಿ ಒಳಗಿನಿಂದ ಹೊಳೆಯುತ್ತಾ ಗಾಳಿಗೆ ತಿರುಗುತ್ತಿತ್ತು. ಬಂದವರೆಲ್ಲ ನಿಂತು ನೋಡಿದರು. ಲೈಲ್ ಚಾಕೊಲೇಟಿನ ಬೋಗುಣಿ ಹಿಡಿದು, ಹೊಗಳಿಕೆಗೆ ಕಿವಿ ತೆರೆದು ಮೆಟ್ಟಿಲ ಮೇಲೆ ಕೂತಿದ್ದ. ಎದುರು ಮನೆಯ ಮಾರ್ವ್ ಕುಂಬಳಕಾಯಿ ವೇಷದ ಮೊಮ್ಮಗಳೊಂದಿಗೆ ಬಂದ.

"ಅಬ್ಬಾ, ಆರ್ಲಿಸ್ ಥೇಟು ಹಾಗೇ ಇದ್ದಾಳಲ್ಲಯ್ಯ! ಸೊಂಟ ಓರೆ ಮಾಡಿ ನಿಂತಿರೋದು ನೋಡಿದ್ರೇ ಗೊತ್ತಾಗುತ್ತೆ," ಎಂದ ಮಾರ್ವ್. ಆಮೇಲೆ ಕತ್ತು ಚಾಚಿ, "ಅವಳನ್ನ ತಬ್ಬಿಕೊಂಡಿದ್ದಾನಲ್ಲ, ಅವನ್ಯಾರು?"

"ನಾನೇ ಕಣಯ್ಯ."

ಮಾರ್ವ್ ನಕ್ಕ ರಭಸಕ್ಕೆ ಮೆಟ್ಟಿಲ ಕಂಬಿ ಹಿಡಿದುಕೊಳ್ಳಬೇಕಾಯಿತು. "ಏ ಹೋಗಯ್ಯ! ನಿನ್ನನ್ನ ನಾನು ನೋಡಿಲ್ವಾ? ಅಲ್ವೋ, ನಿನ್ನ ಅಂಗಳದಲ್ಲೇ ನಿನ್ನ ಹೆಂಡ್ತಿ ಇನ್ಯಾರ ಜೊತೆಗೋ ಕುಣೀತಿದ್ದಾಳೆ, ನೀನು ಇಲ್ಲಿ ಚಾಕೊಲೇಟ್ ಹಂಚ್ಕೊಂಡು ಕೂತಿದ್ದೀಯಲ್ಲ!"

ಹಿಂದೆ ನಿಂತವರೂ ನಕ್ಕರು. ತನ್ನ ಬಗ್ಗೆ ತಾನೇ ಜೋಕು ಹೇಳಲು ಲೈಲ್ ಬಾಯಿ ತೆರೆದ, ಏನೂ ಹೊಳೆಯಲಿಲ್ಲ. ಟೇಪಿನ ಗೊಂಬೆಯ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಪೆದ್ದ ತಾನೆಂದು ಅವನಿಗೇ ಗೊತ್ತಿರಲಿಲ್ಲ. ಕಾಪಾಡುತ್ತಾಳೇನೋ ಎಂದು ಬಾಗಿಲಲ್ಲಿ ನಿಂತ ಹೆಂಡತಿಯತ್ತ ತಿರುಗಿದ. "ನೀನಾದ್ರೂ ಹೇಳೇ, ಅದು ಯಾರು ಅಂತ."

ಆರ್ಲಿಸ್ ಅಂಗಳದತ್ತ ನೋಡಿದಳು. ಆ ಸಪೂರ ಗಂಡಸು ಕೆಂಪು ಟೋಪಿಯವಳನ್ನು ಹಿಡಿದು ಮೆಲ್ಲಗೆ ತಿರುಗಿಸುತ್ತಿದ್ದ.

"ಯಾರೋ, ನಂಗೂ ಗೊತ್ತಿಲ್ಲ ಮಾರ್ವ್," ಎಂದಳು. "ಕುಣಿಯೋಕೆ ಕರೆದೆ. ಬಂದ."