ಅಳಿಸುವ ಮುನ್ನ

ಜಲ್ಲಿ ಕ್ರಷರ್ ಕಂಪನಿಯ ಆಸ್ಪತ್ರೆಯಲ್ಲಿ ಕೆಲಸಗಾರರ ಎಕ್ಸ್‌ರೇಗಳನ್ನೆಲ್ಲ ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಹಾಕುತ್ತಿದ್ದರು. ಧೂಳು ಕುಡಿದು ಸತ್ತವರ ಮನೆಯವರು ಹೂಡಿದ ಕೇಸು ಸೋಮವಾರ ಕೋರ್ಟಿಗೆ ಬರುವುದಿತ್ತು.

“ಎಲ್ಲಾ ಮುಗೀತು ಅಂತ ತೋರಿಸ್ತಿದೆ ಸರ್. ಹಳೇದನ್ನ ಅಳಿಸಿಬಿಡ್ಲಾ?” ಆಪರೇಟರ್ ಮಾದೇವಿ ಕೇಳಿದಳು.

“ಅವಸರ ಬೇಡಮ್ಮ,” ಎಂದರು ಮ್ಯಾನೇಜರ್. “ಅದು ಹೇಳ್ತು ಅಂತ ನಂಬ್ಬೇಡ. ಒಂದೊಂದನ್ನೂ ತೆಗೆದು ನೋಡು. ಅಳಿಸಿದ್ಮೇಲೆ ದೇವರು ಬಂದ್ರೂ ಸಿಗಲ್ಲ.”

ಮಾದೇವಿ ಊಟವನ್ನೂ ಬಿಟ್ಟು ನೋಡಿದಳು. ಮ್ಯಾನೇಜರ್ ಹತ್ತಿರ ಓಡಿ ಬಂದಳು.

“ನೀವು ಹೇಳಿದ್ದು ಒಳ್ಳೇದಾಯ್ತು ಸರ್. ಬರೀ ಹೆಸರು ಬಂದಿದೆ. ಎಕ್ಸ್‌ರೇ ಒಂದೂ ಬಂದಿಲ್ಲ. ನಮ್ಮಪ್ಪಂದೂ ಇಲ್ಲ.”

“ಒಂದೂ ಇಲ್ವಾ? ಸರಿಯಾಗಿ ನೋಡಿದ್ಯಾ?”

“ಎರಡೆರಡು ಸಲ ನೋಡ್ದೆ ಸರ್.”

ಮ್ಯಾನೇಜರ್ ಕುರ್ಚಿಗೆ ಒರಗಿದರು.

“ಹಾಗಾದ್ರೆ ಈಗ ಹಳೇದನ್ನ ಅಳಿಸು.”